ಹೊಲಿಗೆ ಬಿಟ್ಟ ತಲೆ

ಮನುಷ್ಯರ ಕೂಸು ಹುಟ್ಟುವಾಗ ಅದರ ತಲೆಬುರುಡೆ ಒಂದೇ ತುಂಡಾಗಿರುವುದಿಲ್ಲ. ಬಿಡಿಬಿಡಿ ಮೂಳೆಗಳು, ನಡುನಡುವೆ ಸಂದು, ನೆತ್ತಿಯ ಮೇಲೆ ಮೂಳೆಯೇ ಇಲ್ಲದ ಮೆತ್ತನೆಯ ಜಾಗ. ನಿಮ್ಮ ತಲೆಯೂ ಹಾಗೇ ಇತ್ತು. ನಿಮ್ಮ ಮೇಲಧಿಕಾರಿಯ ತಲೆಯೂ ಒಂದು ಕಾಲದಲ್ಲಿ ತೆರೆದೇ ಇತ್ತು. ಈಗ ನೋಡಿದರೆ ನಂಬುವುದು ಕಷ್ಟ, ಅಷ್ಟೆ.

ಇದನ್ನು ತಿಳಿಯಲು ಡಾಕ್ಟರಾಗಬೇಕಿಲ್ಲ. ಪ್ರತಿ ಮನೆಯಲ್ಲೂ ಒಂದಲ್ಲ ಒಂದು ದಿನ ಒಂದು ಕೂಸು ಮಲಗಿರುತ್ತದೆ, ಅದರ ನೆತ್ತಿ ಮಿಡಿಯುತ್ತಿರುತ್ತದೆ, ಎಲ್ಲರೂ ಅದನ್ನೇ ನೋಡುತ್ತಿರುತ್ತಾರೆ. ಆದರೂ ಏನೆಂದು ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿಲ್ಲದೆ ಕೈ ಹಾಕುವುದು ತಪ್ಪು. ಹಾಗೆ ಕೈ ಹಾಕಲು ಹೊರಟ ಒಬ್ಬ ಒಳ್ಳೆಯ ಮನುಷ್ಯನ ಕತೆ ಇದು. ಅವನು ಕೆಟ್ಟವನಾಗಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ. ಕೂಸುಗಳಿಗೆ ಕೆಟ್ಟವರಿಗಿಂತ ಹೆಚ್ಚು ಕಾಟ ಕೊಡುವವರು ಒಳ್ಳೆಯವರೇ.

ಊರವರು ಅವನನ್ನು ಕರೆಯುವುದು ಟೋಪಣ್ಣ ಎಂದು. ಮೂವತ್ತೊಂದು ವರ್ಷದಿಂದ ಅದೇ ಅಂಗಡಿ, ಅದೇ ಹೊಲಿಗೆ ಮೆಷಿನ್ನು, ಅದೇ ಕಸುಬು. ಪೊಲೀಸರ ಟೋಪಿ, ಕಾವಲುಗಾರರ ಟೋಪಿ, ಬಸ್ ಕಂಡಕ್ಟರುಗಳ ಟೋಪಿ, ಬ್ಯಾಂಡಿನವರ ಜರಿಯಂಚಿನ ಟೋಪಿ. "ಏನ್ ಟೋಪಣ್ಣ, ಊರಿಗೆಲ್ಲ ಟೋಪಿ ಹಾಕ್ಬಿಟ್ಟೆಯಲ್ಲ!" ಎಂಬ ಜೋಕನ್ನು ಪ್ರತಿ ಗಿರಾಕಿಯೂ ತಾನೇ ಮೊದಲು ಕಂಡುಹಿಡಿದವನಂತೆ ಹೇಳುತ್ತಿದ್ದ. ಟೋಪಣ್ಣನ ಉತ್ತರವೂ ಬದಲಾಗಲಿಲ್ಲ: "ಹಾಕಿದ್ದೀನಪ್ಪ, ಆದ್ರೆ ಅಳತೆ ತಗೊಂಡು ಹಾಕಿದ್ದೀನಿ. ಅಳತೆ ತಗೊಳ್ದೆ ಹಾಕೋರು ದೊಡ್ಡ ದೊಡ್ಡ ಆಫೀಸಲ್ಲಿ ಕೂತಿದ್ದಾರೆ."

ಅಂಗಡಿ ಹತ್ತಡಿ ಅಗಲ. ಗೋಡೆಯ ಗೂಡುಗಳಲ್ಲಿ ಇಪ್ಪತ್ತೆರಡು ಮರದ ತಲೆಗಳು ಕಣ್ಣುಮೂಗಿಲ್ಲದೆ ಕೂತಿದ್ದವು, ಒಂದೊಂದಕ್ಕೂ ಒಂದೊಂದು ನಂಬರು. ಟೇಪಿನಲ್ಲಿ ಸುತ್ತಳತೆ ತೆಗೆದ ಮೇಲೆ ಟೋಪಣ್ಣ ಬಗ್ಗುವ ಸೀಸದ ಪಟ್ಟಿಯೊಂದನ್ನು ಗಿರಾಕಿಯ ತಲೆಗೆ ಸುತ್ತಿ, ಆಕಾರ ಕೆಡದಂತೆ ಬಿಡಿಸಿ, ಕಂದು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆಯುತ್ತಿದ್ದ. ಹೀಗೆ ಊರಿನ ಗಣ್ಯರ ತಲೆಗಳೆಲ್ಲ ಅವನ ಅಟ್ಟದ ಮೇಲೆ ಕಟ್ಟುಕಟ್ಟಾಗಿ ದೂಳು ತಿನ್ನುತ್ತಿದ್ದವು. ಯಾರ ತಲೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದು ಅವರ ಹೆಂಡಿರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. "ದುಂಡಗಿರೋದು ಚೆಂಡು. ತಲೆ ಅಲ್ಲ" ಅನ್ನುತ್ತಿದ್ದ. ಆ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಹೇಳಿದವನೇ ಅದನ್ನು ಮರೆತ.

ಇಷ್ಟು ವರ್ಷಗಳಲ್ಲಿ ಅವನ ಅಂಗಡಿಗೆ ಒಂದೇ ಒಂದು ಟೋಪಿ ವಾಪಸ್ಸು ಬಂದಿತ್ತು. ಅದು ಬ್ಯಾಂಡ್ ಮಾಸ್ಟರನದು. ಸೇತುವೆಯ ಉದ್ಘಾಟನೆಯ ದಿನ ಆತ ಮಂತ್ರಿಗಳ ಮುಂದೆ ತಲೆಬಾಗಿದ. ತಲೆ ಎತ್ತುವಷ್ಟರಲ್ಲಿ ಟೋಪಿಯ ನೆತ್ತಿ ಬಾಳೆಹಣ್ಣಿನ ಸಿಪ್ಪೆಯಂತೆ ನಾಲ್ಕು ಪಾಲಾಗಿ ಬಿಚ್ಚಿಕೊಂಡಿತ್ತು. ಟೋಪಿಗೆ ಗುಂಡುಸೂಜಿ ಚುಚ್ಚಿ ಒಂದು ಚೀಟಿ ಕಳಿಸಿದ್ದರು. ಎರಡೇ ಪದ, ಕೆಳಗೆ ಮೊಹರು: "ಹೊಲಿಗೆ ಬಿಟ್ಟಿದೆ." ಟೋಪಣ್ಣ ಆ ಚೀಟಿಯನ್ನು ಮೆಷಿನ್ನಿನ ಎದುರು ಗೋಡೆಗೆ ಅಂಟಿಸಿಕೊಂಡ. ಅಂದಿನಿಂದ ಅವನ ಕೈಯಲ್ಲಿ ಎಲ್ಲಕ್ಕೂ ಎರಡೆರಡು ಹೊಲಿಗೆ. ಹೆಂಡತಿ ಬದುಕಿದ್ದಾಗ ತಮಾಷೆ ಮಾಡುತ್ತಿದ್ದಳು, "ಬೇರೆಯವರು ಗೋಡೆಗೆ ಕ್ಯಾಲೆಂಡರ್ ಹಾಕ್ತಾರೆ, ನಮ್ಮೋರು ಮಾನ ಹೋದ ಪತ್ರ ಹಾಕಿದ್ದಾರೆ."

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ ಟೋಪಣ್ಣ ಮುಖ ನೋಡಲಿಲ್ಲ. ಹುಟ್ಟುಗುಣ, ತಲೆ ನೋಡಿದ. ತಲೆ ಸೋರೆಕಾಯಿಯಂತೆ ಹಿಂದಕ್ಕೆ ಉದ್ದವಾಗಿತ್ತು.

"ಯಾರ ಹಾಗಿದೆ ಹೇಳಿ ನೋಡೋಣ ತಾತ?" ಎಂದಳು ನರ್ಸು.

"ಇದಕ್ಕೆ ನಂಬರೇ ಇಲ್ವಲ್ಲಮ್ಮ" ಎಂದುಬಿಟ್ಟ ತಾತ.

ಇಕ್ಕಟ್ಟಿನ ದಾರಿಯಲ್ಲಿ ಹೊರಬರಲು ಕೂಸಿನ ತಲೆಯ ಮೂಳೆಗಳು ಸರಿದು, ಒಂದರ ಅಂಚು ಇನ್ನೊಂದರ ಮೇಲೇರಿ, ತಲೆ ಉದ್ದವಾಗುತ್ತದೆ. ಕೆಲವೇ ದಿನಗಳಲ್ಲಿ ಅವು ತಾವಾಗಿ ಸ್ವಸ್ಥಾನಕ್ಕೆ ಮರಳುತ್ತವೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಯಾರೂ ಹೇಳಲಿಲ್ಲ. ಆ ಆಸ್ಪತ್ರೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು ಎಂದು ತಿಳಿಸಲು ಐದು ಬೋರ್ಡುಗಳಿದ್ದವು. ತಲೆಗೆ ಒಂದೂ ಇರಲಿಲ್ಲ. ಚಪ್ಪಲಿಗೆ ಇರುವ ಬೆಲೆ ತಲೆಗಿಲ್ಲದ ಜಾಗದಲ್ಲಿ ಮನುಷ್ಯ ಏನು ಮಾಡಬೇಕು? ಟೋಪಣ್ಣ ದಿನಾ ಸಂಜೆ ಮಗಳು ಕಣ್ಣು ಮುಚ್ಚಿದಾಗ ಮೆಲ್ಲಗೆ ಟೇಪು ಹಿಡಿದು ನೋಡುತ್ತಿದ್ದ. ಮೂವತ್ತನಾಲ್ಕು ಸೆಂಟಿಮೀಟರ್. ವಾರದಲ್ಲಿ ಸೋರೆಕಾಯಿ ಕರಗಿ ತಲೆಯಾಯಿತು. ಅವನಿಗೆ ನಿದ್ದೆ ಹತ್ತಿತು.

ಆಗ ಅಕ್ಕ ಬಂದಳು. ಟೋಪಣ್ಣನಿಗಿಂತ ನಾಲ್ಕು ವರ್ಷ ದೊಡ್ಡವಳು. ಬರುವಾಗ ಎರಡು ಚೀಲ ತಂದಿದ್ದಳು, ಜೊತೆಗೆ ಎರಡು ಅಂಗೈ. ಕೂಸನ್ನು ಕಾಲ ಮೇಲೆ ಹಾಕಿಕೊಂಡವಳೇ ತಲೆಯ ಎರಡೂ ಬದಿಗೆ ಅಂಗೈ ಇಟ್ಟಳು.

"ಅತ್ತೆ, ಒತ್ತಬೇಡಿ" ಎಂದಳು ಮಗಳು.

"ಒತ್ತದೆ ಏನು ಪೂಸಿ ಹೊಡೀಲಾ? ಎಡಗಡೆ ನೋಡು, ಹಿಂದೆ ಚಪ್ಪಟೆ. ನಾಳೆ ಇವಳು ಜಡೆ ಹಾಕ್ಕೊಂಡಾಗ ಊರು ನಗುತ್ತೆ. ನಿಮ್ಮಪ್ಪನ ತಲೆ ಮಾಡಿದ್ದು ಯಾರು ಅಂದ್ಕೊಂಡೆ? ನಾನೇ. ನಾನು ಒತ್ತದೇ ಇದ್ದಿದ್ರೆ ಇವನು ಚೌಕಾಕಾರ ಆಗ್ತಿದ್ದ."

"ನಾನು ಹುಟ್ಟಿದಾಗ ನಿಂಗೆ ನಾಲ್ಕು ವರ್ಷ ಅಕ್ಕ."

"ನಾಲ್ಕೇ ವರ್ಷಕ್ಕೆ ಅಂಥ ಕೈಗುಣ! ಯೋಚ್ನೆ ಮಾಡು!"

ಅಕ್ಕನ ಹಿಂದೆಯೇ ಭಾವ ಬಂದಿದ್ದರು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತಾರು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ನಿವೃತ್ತರಾದವರು. ಮೊಹರು ಬೀಳದ ಯಾವುದನ್ನೂ ನಂಬರು; ಮೊಹರು ಬಿದ್ದ ಯಾವುದನ್ನೂ ಶಂಕಿಸರು. ಅಳಿಯನೂ ಮನೆಯಲ್ಲಿದ್ದ. ನೀರಿನ ಪಂಪ್‌ಹೌಸಿನಲ್ಲಿ ಕೆಲಸ, ಗಟ್ಟಿ ಸದ್ದಿನಲ್ಲಿ ಇದ್ದೂ ಇದ್ದೂ ಕೊನೆಗೆ ಮಾತಾಡಿದವರ ಮಾತಷ್ಟೇ ಅವನಿಗೆ ಕೇಳಿಸುತ್ತಿತ್ತು, ಅದೇ ಅವನ ಅಭಿಪ್ರಾಯವೂ ಆಗುತ್ತಿತ್ತು.

ಎರಡು ತಿಂಗಳಿಗೆ ಕೂಸನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಚುಚ್ಚುಮದ್ದು ಹಾಕಿ, ಡಾಕ್ಟರು ತಲೆ ಮುಟ್ಟಿ ನೋಡಿ, ಕಾರ್ಡಿನಲ್ಲಿ ಏನೋ ಗೀಚಿ, "ನೆಕ್ಸ್ಟ್" ಎಂದರು. ಕಾರ್ಡನ್ನು ಇನ್ನು ಮುಂದೆ ಜನರಿಗೆ ಅರ್ಥವಾಗುವ ಭಾಷೆಯಲ್ಲೇ ಬರೆಯಬೇಕೆಂದು ಆಗಷ್ಟೇ ಆದೇಶ ಬಂದಿತ್ತು. ಮೊದಲು ಯಾರಿಗೂ ಅರ್ಥವಾಗದಂತೆ ಬರೆಯುತ್ತಿದ್ದರು. ಈಗ ತಪ್ಪು ಅರ್ಥವಾಗುವಂತೆ ಬರೆದರು. ಇದಕ್ಕೆ ಸುಧಾರಣೆ ಎನ್ನುತ್ತಾರೆ.

ಮನೆಗೆ ಬಂದು ಟೋಪಣ್ಣ ಕನ್ನಡಕ ಏರಿಸಿ ಕಾರ್ಡು ಓದಿದ.

ಕಾರ್ಡಿನಲ್ಲಿ ಹೀಗಿತ್ತು: "ಹೊಲಿಗೆ ಬಿಟ್ಟಿದೆ. ನೆತ್ತಿ 2 ಬೆ. ಸ." ಕೆಳಗೆ ಮೊಹರು.

ಹದಿನಾಲ್ಕು ವರ್ಷ ಗೋಡೆಯ ಮೇಲೆ ನೋಡಿದ ಅದೇ ಎರಡು ಪದ. ಅಂದು ಬ್ಯಾಂಡ್ ಮಾಸ್ಟರನ ಟೋಪಿ. ಇಂದು ಮೊಮ್ಮಗಳ ತಲೆ. ಅವನಿಗೆ ಮಂತ್ರಿಗಳ ಮುಂದೆ ಬಿಚ್ಚಿಕೊಂಡ ಆ ನಾಲ್ಕು ಪಾಲು ಕಣ್ಣಿಗೆ ಕಟ್ಟಿತು. ಹೋಗಿ ಕೂಸಿನ ನೆತ್ತಿ ನೋಡಿದ. ಎಳೆಯ ಚರ್ಮ ಟಪ್ ಟಪ್ ಎಂದು ಮಿಡಿಯುತ್ತಿತ್ತು, ಒಳಗಿನಿಂದ ಯಾರೋ ಬಾಗಿಲು ತಟ್ಟಿದಂತೆ.

ಭಾವ ಕಾರ್ಡು ಕಸಿದುಕೊಂಡರು.

"ಹೊಲಿಗೆ ಬಿಟ್ಟಿದೆ, ಇದು ದೂರು. ನೆತ್ತಿ ಎರಡು ಬೆ. ಬೆ ಅಂದ್ರೆ ಬೆಸುಗೆ. ಎರಡು ಬೆಸುಗೆ ಹಾಕ್ಬೇಕು. ಸ ಅಂದ್ರೆ ಸರಿಪಡಿಸಿ. ಸ್ಪಷ್ಟವಾಗಿದೆ."

"ಕೂಸಿಗೆ ವೆಲ್ಡಿಂಗಾ ಮಾವ?" ಎಂದಳು ಮಗಳು.

"ನೋಡಮ್ಮ, ಮೂವತ್ತಾರು ವರ್ಷ ಸರ್ಕಾರಿ ಕಾಗದ ಓದಿದ್ದೀನಿ. ಅಕ್ಷರದ ಮುಂದೆ ಚುಕ್ಕಿ ಇಟ್ರು ಅಂದ್ರೆ ಅದು ಆದೇಶ. ನಾವೂ ತಕ್ಕಡಿ ಮೇಲೆ ಸ ಚುಕ್ಕಿ ಬರೀತಿದ್ವಿ. ಸರಿಪಡಿಸದೇ ಇದ್ರೆ ಮುಟ್ಟುಗೋಲು."

"ಏನು, ಕೂಸನ್ನ ಮುಟ್ಟುಗೋಲು ಹಾಕ್ತಾರಾ?" ಎಂದ ಅಳಿಯ.

"ಬುರುಡೆ ಬಿಡಬೇಡಿ ಸುಮ್ನಿರಿ" ಎಂದಳು ಅಕ್ಕ ಗಂಡನಿಗೆ.

"ಬುರುಡೆ ಬಿಟ್ಟಿರೋದು ನಾನಲ್ಲ ಕಣೇ, ಈ ಕೂಸು! ಇಲ್ಲಿ ಬರೆದಿದೆ ನೋಡು!"

"ಗುರುವಾರ ಮತ್ತೆ ಕೂಸುಗಳ ದಿನ. ಹೋಗಿ ಕೇಳೋಣ" ಎಂದಳು ಮಗಳು.

"ಇವತ್ತು ಶನಿವಾರ. ಗುರುವಾರದೊಳಗೆ ಪೂರ್ತಿ ಬಿಚ್ಚಿಕೊಂಡ್ರೆ?" ಎಂದರು ಭಾವ.

ಹೆರಿಗೆಯಾಗಿ ಎರಡು ತಿಂಗಳಾದ, ನೆಟ್ಟಗೆ ನಿದ್ದೆಯಿಲ್ಲದ ಹೆಣ್ಣಿಗೆ ಈ ಮಾತು ಹೇಳಿದ ಬಾಯಿಗೆ ಎರಡು ಹೊಲಿಗೆ ಹಾಕಬೇಕಿತ್ತು. ಯಾರೂ ಹಾಕಲಿಲ್ಲ. ಹೆದರಿದ ತಾಯಿಗೆ ಎಲ್ಲರ ಮಾತೂ ನಿಜವೆನಿಸುತ್ತದೆ; ಅವಳೂ ಸುಮ್ಮನಾದಳು. ಟೋಪಣ್ಣ ಮಾತ್ರ ಎದ್ದು ನಿಂತ. ಅವನ ಮುಖದಲ್ಲಿ ಒಂದು ಬಗೆಯ ಧೈರ್ಯ ಬಂದಿತ್ತು. ಹೊಲಿಗೆ ಬಿಟ್ಟರೆ ಏನು ಮಾಡಬೇಕೆಂದು ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ ತಾನೆ?

"ಒಂದು ಟೋಪಿ ಹೊಲೀತೀನಿ. ಬಿಗಿ ಟೋಪಿ. ಸುತ್ತ ಲಾಡಿ. ವಾರಕ್ಕೆ ಅರ್ಧ ಬೆರಳು ಎಳೆದು ಕಟ್ಟಿದ್ರೆ ಸಂದು ಕೂಡಿಕೊಳ್ಳುತ್ತೆ. ಚಪ್ಪಟೆನೂ ಸರಿಹೋಗುತ್ತೆ."

"ಭೇಷ್!" ಎಂದರು ಭಾವ. "ಭೇಷ್" ಎಂದ ಅಳಿಯ.

ಆ ಟೋಪಿಯನ್ನು ಅವನು ಹೊಲಿದಷ್ಟು ಪ್ರೀತಿಯಿಂದ ಬೇರೇನನ್ನೂ ಹೊಲಿದಿರಲಿಲ್ಲ. ಒಳಗೆ ಮೆತ್ತನೆಯ ಹತ್ತಿ ಬಟ್ಟೆ, ಹೊರಗೆ ಬ್ಯಾಂಡಿನವರ ಗಟ್ಟಿ ಬಟ್ಟೆ, ಎಲ್ಲ ಕಡೆ ಎರಡೆರಡು ಹೊಲಿಗೆ, ನೆತ್ತಿಗೆ ಮೂರು. ಭಾವ ದಿನಕ್ಕೆರಡು ಸಲ ಅಂಗಡಿಗೆ ಬಂದು ಸ್ಕೇಲು ಹಿಡಿದು ಪರೀಕ್ಷಿಸಿದರು. ಒಳಗೆ ಮೊಹರು ಹಾಕಲು ಜಾಗ ಬಿಡಬೇಕೆಂದೂ ಸೂಚಿಸಿದರು. ಈ ಕೆಲಸದಲ್ಲಿ ನಾಲ್ಕು ದಿನ ಕಳೆಯಿತು. ನಿಧಾನವಾಗಿ ಕೆಲಸ ಮಾಡುವುದರಿಂದ ಜಗತ್ತಿನಲ್ಲಿ ಎಷ್ಟು ಅನಾಹುತ ತಪ್ಪಿದೆಯೋ ಲೆಕ್ಕ ಇಟ್ಟವರಿಲ್ಲ.

ಬುಧವಾರ ಮಧ್ಯಾಹ್ನ, ಎಲ್ಲರೂ ಸುತ್ತ ಕೂತಿರಲು, ಟೋಪಣ್ಣ ಕೂಸಿನ ತಲೆಗೆ ಟೋಪಿ ಇಟ್ಟ. ಲಾಡಿಯ ಎರಡು ತುದಿ ಎರಡು ಕೈಯಲ್ಲಿ ಹಿಡಿದ. ಮಗಳು ಗೋಡೆಗೆ ಮುಖ ತಿರುಗಿಸಿ ನಿಂತಳು.

"ಎಳಿಯೋ" ಎಂದಳು ಅಕ್ಕ.

ಅವನು ಇಷ್ಟೇ ಇಷ್ಟು ಎಳೆದ. ಕೂಸು ಕಿರುಚಿತು. ಅದು ಹಸಿವಿನ ಅಳುವಲ್ಲ. ಮುಖ ಕೆಂಪಾಗಿ, ಉಸಿರು ಕಟ್ಟಿ, ಮತ್ತೆ ಕಿರುಚಿತು. ಅತ್ತ ಬಿರುಸಿಗೆ ನೆತ್ತಿ ಉಬ್ಬಿ ಬಂದು ಟೋಪಿಯ ಬಟ್ಟೆಯನ್ನು ಒಳಗಿನಿಂದ ಮೇಲಕ್ಕೆ ತಳ್ಳಿತು. ಟೋಪಣ್ಣನ ಹೆಬ್ಬೆರಳು ಅಲ್ಲೇ ಇತ್ತು. ಬಟ್ಟೆಯಡಿ ಅವನಿಗೆ ಆ ಮಿಡಿತ ಸಿಕ್ಕಿತು. ನೆತ್ತಿಯ ಮೂರು ಹೊಲಿಗೆಯೂ ಬಿಗಿದು ನಿಂತವು.

ಮೂವತ್ತೊಂದು ವರ್ಷದ ಕೈ ಅದು. ತಲೆ ಕೆಟ್ಟರೂ ಕೈ ಕೆಡುವುದಿಲ್ಲ. ದಪ್ಪ ತಲೆಯ ಗಿರಾಕಿಗಳು ಬಂದು ಟೋಪಿ ಬಿಗಿ ಎಂದಾಗ ಅವನು ಸಾವಿರ ಸಲ ಹೇಳಿದ ಮಾತು ಕೈಯಿಂದ ಮೇಲೇರಿ ಬಾಯಿಗೆ ಬಂತು.

"ಹೊಲಿಗೆ ಎಳೀತಿದೆ ಅಂದ್ರೆ ಬಟ್ಟೆ ಚಿಕ್ಕದು. ತಲೆ ದೊಡ್ಡದಲ್ಲ."

"ಏನಂದೆ?" ಎಂದಳು ಅಕ್ಕ.

ಅವನು ಲಾಡಿ ಬಿಟ್ಟ. ಮಗಳು ಗೋಡೆಯಿಂದ ತಿರುಗಿ, ಎರಡೇ ಹೆಜ್ಜೆಗೆ ಬಂದು ಟೋಪಿ ಕಿತ್ತೆಸೆದು ಕೂಸನ್ನು ಎತ್ತಿಕೊಂಡಳು. ನಾಲ್ಕು ದಿನ ನುಂಗಿದ್ದೆಲ್ಲ ಹೊರಗೆ ಬಂತು.

"ಅಪ್ಪ, ನನ್ನ ಸ್ಕೂಲ್ ಫ್ರಾಕಿಗೆ ಅಂಚಲ್ಲಿ ನಾಲ್ಕು ಬೆರಳು ಬಟ್ಟೆ ಬಿಟ್ಟು ಹೊಲೀತಿದ್ದೆ. ಯಾಕಪ್ಪ ಅಂತ ಕೇಳಿದ್ರೆ, ಬೆಳೆಯೋ ಮಗು ಕಣೇ, ಬಿಟ್ಟೇ ಹೊಲೀಬೇಕು ಅಂತಿದ್ದೆ. ಆ ಬಟ್ಟೇಲಿ ಮೂರು ವರ್ಷ ಸ್ಕೂಲಿಗೆ ಹೋದೆ. ಫ್ರಾಕಿಗೆ ಇರೋ ಬುದ್ಧಿ ತಲೆಗೆ ಇರಲ್ವಾ? ಹೊಲಿಗೆ ಬಿಟ್ಟಿದೆಯೋ, ಬೆಳೀಲಿ ಅಂತ ಬಿಟ್ಟಿದೆಯೋ, ಯಾರಾದ್ರೂ ಕೇಳಿದ್ರಾ?"

ಕೂಸು ಬಿಕ್ಕುವುದು ನಿಂತಿತು.

"ಅದೇನೇ ಇರಲಿ, ತಲೆ ಸೊಟ್ಟ ಇರೋದು ಸುಳ್ಳಾ?" ಎಂದಳು ಅಕ್ಕ. ಸೋಲುವವರು ಕೊನೆಗೆ ಹಿಡಿಯುವುದು ಸೊಟ್ಟದ್ದನ್ನೇ.

ಟೋಪಣ್ಣ ಹೊರಗೆ ಹೋದ. ಅಂಗಡಿಯ ಅಟ್ಟ ಹತ್ತಿ ಇಳಿದು, ದೂಳಿನಲ್ಲಿ ಮಿಂದವನಂತೆ ವಾಪಸ್ಸು ಬಂದ. ಕೈಯಲ್ಲಿ ಒಂದು ಕಂದು ಕಾಗದ, ಸೀಸದ ಪಟ್ಟಿ. ಕಾಗದವನ್ನು ಭಾವನ ಮುಂದೆ ಹಾಸಿದ.

"ಭಾವ, ಇದು ನಿಮ್ಮ ತಲೆ. ಇನ್‌ಸ್ಪೆಕ್ಟರ್ ಆದಾಗ ಟೋಪಿ ಹೊಲಿಸಿದ್ರಲ್ಲ, ಆಗಿಂದು." ಹಣೆಯಿಂದ ಹಿಂದಲೆಗೆ ಸರಿಯಾಗಿ ನಡುವೆ ಮಡಚಿ ದೀಪದ ಎದುರು ಹಿಡಿದ. ಬಲಗಡೆ ಗೆರೆ ಎಡಗಡೆಯ ಗೆರೆಯನ್ನು ಹೆಬ್ಬೆರಳಿನಗಲ ದಾಟಿ ನಿಂತಿತ್ತು.

"ಕಾಗದ ಸೊಟ್ಟ ಇರಬೇಕು" ಎಂದರು ಭಾವ.

"ಮೊಹರು ಇದೆ ಭಾವ. ಅಂಗಡೀದು."

ಭಾವ ತಮ್ಮ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟರಲ್ಲಿ ಸೀಸದ ಪಟ್ಟಿ ಅಕ್ಕನ ತಲೆಗೆ ಸುತ್ತಿ, ಬಿಡಿಸಿ, ಕಾಗದಕ್ಕೆ ಇಳಿದಾಗಿತ್ತು. ಎಡಗಡೆ ಹಿಂದೆ ಚಪ್ಪಟೆ, ಥೇಟು ಕೂಸಿನದರ ಹಾಗೆ.

"ಅಕ್ಕ, ನಿನ್ನ ತಲೆ ಯಾರು ಒತ್ತಿದ್ರು?"

ಅಕ್ಕ ಸೆರಗು ಎಳೆದುಕೊಂಡು ತಲೆಯ ಮೇಲೆ ಹೊದ್ದಳು. ಆಮೇಲೆ ಎರಡು ದಿನ ತೆಗೆಯಲಿಲ್ಲ. ಅಳಿಯ ತಾನಾಗಿ ಮುಂದೆ ಬಂದು ತಲೆ ಒಡ್ಡಿದ; ಅವನದೂ ಸೊಟ್ಟ. ಅವನಿಗೆ ಅದರಿಂದ ಯಾಕೋ ಖುಷಿಯಾಯಿತು.

ಗುರುವಾರ ಇಡೀ ಕುಟುಂಬ ಆರೋಗ್ಯ ಕೇಂದ್ರದಲ್ಲಿತ್ತು. ಬಿಳಿ ಕೋಟಿನ ಮೇಲೆ ಸ್ವೆಟರ್ ಹಾಕಿದ್ದ ನರ್ಸಮ್ಮ ಕಾಗದದ ಟೇಪು ತೆಗೆದು ಕೂಸಿನ ತಲೆಗೆ ಸುತ್ತಿದಳು. ಹುಬ್ಬಿನ ಮೇಲೆ, ಕಿವಿಯ ಮೇಲೆ, ಹಿಂದಲೆಯ ಅತಿ ಉಬ್ಬಿದ ಜಾಗದ ಮೇಲೆ. ಒಂದು ಸಲವಲ್ಲ, ಮೂರು ಸಲ. ಟೋಪಣ್ಣ ಬಗ್ಗಿ ನೋಡಿದ.

"ಮೂವತ್ತೆಂಟೂವರೆ" ಎಂದಳು.

"ನಂದೂ ಅಷ್ಟೇ ಬಂದಿತ್ತು" ಎಂದ ಮೆಲ್ಲಗೆ. ಆ ಗಳಿಗೆಯಿಂದ ಅವಳ ಮಾತು ಅವನಿಗೆ ವೇದವಾಯಿತು.

ಅವಳು ಕಾರ್ಡಿನ ಹಿಂದಿನ ಬಾಗಿದ ಗೆರೆಗಳ ನಡುವೆ ಒಂದು ಚುಕ್ಕಿ ಇಟ್ಟಳು. "ನೋಡಿ, ಹುಟ್ಟಿದಾಗ ಇಲ್ಲಿ, ಈಗ ಇಲ್ಲಿ. ಗೆರೆ ಜೊತೇಲೇ ಹೋಗ್ತಿದೆ. ಹೊಲಿಗೆ ಅಂತ ಬರೆದಿರೋದು ಮೂಳೆಗಳ ನಡುವಿನ ಸಂದಿಗೆ; ಬಿಟ್ಟಿದೆ ಅಂದ್ರೆ ತೆರೆದಿದೆ, ಇರಬೇಕಾದ್ದೇ ಹಾಗೆ. ಮೊದಲ ವರ್ಷ ಮಿದುಳು ಎಷ್ಟು ಬೇಗ ಬೆಳೆಯುತ್ತೆ ಅಂದ್ರೆ, ಸಂದು ತೆರೆದಿಲ್ಲದೇ ಇದ್ರೆ ಅದಕ್ಕೆ ಜಾಗ ಎಲ್ಲಿ? ಹಿಂದಿನ ಮೆತ್ತನೆ ಜಾಗ ಎರಡು ಮೂರು ತಿಂಗಳಿಗೆ ಮುಚ್ಚುತ್ತೆ. ಮುಂದಿನದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ಕೆಲವಕ್ಕೆ ಸ್ವಲ್ಪ ಮುಂಚೆ, ಕೆಲವಕ್ಕೆ ಎರಡು ವರ್ಷವೂ ಆಗುತ್ತೆ. ತೀರಾ ಬೇಗ ಮುಚ್ಚಿದ್ರೆ ಆಗ ನಮ್ಮ ಹತ್ರ ಓಡಿ ಬನ್ನಿ. ಸುಮ್ಮನೆ ಕೂತಿರುವಾಗಲೂ ನೆತ್ತಿ ಉಬ್ಬೇ ಇದ್ರೆ, ಇಲ್ಲಾ ಒಳಗೆ ಕುಸಿದಿದ್ರೆ ತಡ ಮಾಡಬೇಡಿ. ಮಿಡಿಯೋದು, ಅಳುವಾಗ ಉಬ್ಬೋದು ಎಲ್ಲ ಮಾಮೂಲು."

"ಈ ಎಡಗಡೆ ಚಪ್ಪಟೆ?" ಎಂದಳು ಅಕ್ಕ ಸೆರಗಿನೊಳಗಿಂದ.

"ಕೂಸು ಮಲಗಿದಾಗ ಕಿಟಕಿ ಅದರ ಯಾವ ಕಡೆ ಬರುತ್ತೆ?"

"ಎಡಗಡೆ."

"ಹಾಗಾದ್ರೆ ಕಿಟಕಿ ನೋಡ್ತಾ ಮಲಗುತ್ತೆ. ಒಂದಿನ ಈ ಕಡೆ ತಲೆ, ಒಂದಿನ ಆ ಕಡೆ ತಲೆ ಮಾಡಿ ಮಲಗಿಸಿ. ನಿದ್ದೆಗೆ ಅಂಗಾತನೇ. ಎಚ್ಚರ ಇದ್ದಾಗ, ನೀವು ಎದುರಿಗೆ ಕೂತು, ಸ್ವಲ್ಪ ಹೊತ್ತು ಬೋರಲು ಹಾಕಿ. ಕೈ ಮಾತ್ರ ಹಚ್ಚಬೇಡಿ."

ಭಾವ ಕಾರ್ಡು ಮುಂದೆ ಚಾಚಿದರು. "ಮತ್ತೆ ಇಲ್ಲಿ ಬೆ ಚುಕ್ಕಿ, ಸ ಚುಕ್ಕಿ?"

"ಎರಡು ಬೆರಳು. ಸಹಜ."

"ಸಹಜ ಅಂತ ಪೂರ್ತಿ ಬರೆದ್ರೆ ಏನಾಗ್ತಿತ್ತು?"

"ಹೊರಗೆ ನಲವತ್ತು ಕೂಸು ಅಳ್ತಿವೆ ಸಾರ್."

ಎರಡಕ್ಷರ ಉಳಿಸಿದ್ದರು. ಆ ಎರಡಕ್ಷರದಿಂದ ಒಂದು ಮನೆ ಐದು ದಿನ ಸತ್ತು ಬದುಕಿತ್ತು.

ಆಗ ನರ್ಸಮ್ಮನ ಕಣ್ಣು ಟೋಪಣ್ಣನ ಜೇಬಿಂದ ಇಳಿಬಿದ್ದ ಲಾಡಿಯ ಮೇಲೆ ಬಿತ್ತು. "ಅದೇನು ತಾತ?"

"ಟೋಪಿ."

"ಯಾರಿಗೆ?"

ಟೋಪಣ್ಣ ಮಗಳ ಮುಖ ನೋಡಿದ, ಕೂಸಿನ ನೆತ್ತಿ ನೋಡಿದ. "ಕೂಸಿಗೆ ಅಂತ ಹೊಲಿದೆ ತಾಯಿ. ಹಾಕ್ಕೊಂಡಿದ್ದು ಮಾತ್ರ ನಾನೇ."

ಮೂವತ್ತೊಂದು ವರ್ಷದಲ್ಲಿ ಆ ಜೋಕನ್ನು ಅವನು ತಾನಾಗಿ ಹೇಳಿದ್ದು ಅದೊಂದೇ ಸಲ. ಯಾರೂ ನಗಲಿಲ್ಲ, ಮಗಳು ಮಾತ್ರ ಅವನ ಹೆಗಲಿಗೆ ತಲೆ ಆನಿಸಿದಳು.

ಈಗ ಕೂಸಿಗೆ ವರ್ಷ ತುಂಬಿ ಮೂರು ತಿಂಗಳು. ಮುಂದಿನ ನೆತ್ತಿಯಲ್ಲಿ ಬೆರಳ ತುದಿಯಷ್ಟು ಜಾಗ ಉಳಿದಿದೆ. ಕೂಸು ಅಂಗಡಿಯಲ್ಲಿ ಮರದ ತಲೆಗಳನ್ನು ಒಂದೊಂದಾಗಿ ಉರುಳಿಸಿ ಆಡುತ್ತದೆ. ಬಿಗಿ ಟೋಪಿಯೊಳಗೆ ಟೋಪಣ್ಣ ಚೂರುಬಟ್ಟೆ ತುರುಕಿ ಸೂಜಿ ಚುಚ್ಚಿಡುತ್ತಾನೆ. ಗೋಡೆಯ ಹಳೆ ಚೀಟಿಯ ಪಕ್ಕದಲ್ಲಿ ಆ ಕಾರ್ಡಿನ ನಕಲೊಂದಿದೆ. "ಸ" ಎಂಬುದರ ಮುಂದಿನ ಚುಕ್ಕಿ ಅಳಿಸಿ ಅವನೇ ಕೆಂಪು ದಾರದಲ್ಲಿ "ಹಜ" ಎಂದು ಹೊಲಿದಿದ್ದಾನೆ. ಎರಡು ಹೊಲಿಗೆ.

ಕೂಸನ್ನು ನೋಡಲು ಬಂದವರು ಈಗಲೂ ಬಾಯಿ ತೆರೆದರೆ ಮೊದಲು ಕೇಳುವುದು ಅದನ್ನೇ: "ಅಯ್ಯೋ, ತಲೆ ಯಾಕೆ ಹೀಗಿದೆ?" ಟೋಪಣ್ಣ ಅವರನ್ನೇ ಸ್ಟೂಲು ಎಳೆದು ಕೂರಿಸಿ, ಸೀಸದ ಪಟ್ಟಿ ತೆಗೆಯುತ್ತಾನೆ.

ನೀವೂ ಯಾವುದೋ ಮನೆಗೆ ಕೂಸು ನೋಡಲು ಹೊರಟಿರುತ್ತೀರಿ. ಹೊರಡುವ ಮುನ್ನ ಒಂದು ಟೇಪು ತನ್ನಿ. ನಿಮ್ಮ ಹಣೆಯ ನಡುವಿನಿಂದ ಎಡಗಿವಿಯ ಮೇಲೆ ಹಾಯಿಸಿ ಹಿಂದಲೆಯ ನಡುವಿನವರೆಗೆ ಅಳೆಯಿರಿ. ಬಲಗಡೆಯೂ ಅಳೆಯಿರಿ. ಎರಡೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಸಮ ಬಂದರೆ ಹೋಗಿ ಮಾತಾಡಿ. ಬರದಿದ್ದರೆ, ಆ ಕೂಸಿನ ತಲೆಯಿಂದ ನಿಮ್ಮ ಕೈ ತೆಗೆಯಿರಿ.